ನಲವತ್ತು ಜನರ ಆರಾಮ

ಶಹಾಪುರ
12 ಜೂನ್ 2022

ಚಮನಬೀ ಅವರಿಗೆ,

ಮಹಾದೇವಪ್ಪ ಮಾಸ್ತರನ ನಮಸ್ಕಾರ. ಏಳು ವರ್ಷದ ಮೇಲೆ ಬರೆಯುತ್ತಿದ್ದೇನೆ. ಮೊನ್ನೆ ಸುರಪುರದಲ್ಲಿ ನಿಮ್ಮ ಅಣ್ಣ ಶರೀಫಸಾಬರ ಸೈಕಲ್ ಅಂಗಡಿಗೆ ಹೋಗಿ ನಿಮ್ಮ ಫೋನ್ ನಂಬರ್ ಕೇಳಿದೆ. "ನಂಬರ್ ಕೊಡಬ್ಯಾಡ ಅಂದಾಳ್ರಿ ಮಾಸ್ತರ. ಅಡ್ರೆಸ್ ಕೊಡಬ್ಯಾಡ ಅಂತ ಅಂದಿಲ್ಲ," ಎಂದು ಸೊಲ್ಲಾಪುರದ ವಿಳಾಸ ಬರೆದುಕೊಟ್ಟರು. ವಕೀಲರಾಗಬೇಕಾದ ಮನುಷ್ಯ ಪಂಕ್ಚರ್ ಹಾಕುತ್ತ ಕೂತಿದ್ದಾರೆ.

ನನಗೀಗ ಅರವತ್ತಾರು. ಎಚ್‌ಐವಿ ಇದೆ ಎಂದು 2006ರಲ್ಲಿ ತಿಳಿದಾಗ ಎರಡು ವರ್ಷ ಬದುಕಿದರೆ ಹೆಚ್ಚು ಎಂದಿದ್ದರು. ಹಾಗೆಂದ ಡಾಕ್ಟರ ದಿವಸದ ಊಟ ಹೋದ ವರ್ಷ ಉಂಡು ಬಂದೆ. ನಾನೊಬ್ಬನೇ ಅಲ್ಲ, ಗುರುವಾರ ನಮ್ಮ ಕೇಂದ್ರಕ್ಕೆ ಗುಳಿಗೆಗೆ ಬರುವವರಲ್ಲಿ ಅರ್ಧಕ್ಕರ್ಧ ಈಗ ನೆರೆತ ತಲೆಗಳು. ನೀವು ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದ ಮಂದಿಯೆಲ್ಲ ಮೊಮ್ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಬರುತ್ತಾರೆ.

ವಿಷಯ ಏನೆಂದರೆ, ಒಂದು ಸಂಸ್ಥೆಯವರು ಪರೀಕ್ಷೆ ಇಟ್ಟಿದ್ದಾರೆ. ಈ ಸಲ ಪರೀಕ್ಷೆ ನಮಗಲ್ಲ, ನಮಗೆ ಸಿಗುವ ಆರೈಕೆಗೆ. ಐವತ್ತು ದಾಟಿದವರಿಗೆ ಬರೀ ಗುಳಿಗೆ ಕೊಟ್ಟು ಕಳಿಸುತ್ತಾರೋ, ಅಥವಾ ಬಿಪಿ, ಸಕ್ಕರೆ, ಎಲುಬು, ಕಣ್ಣು, ಮರೆವು, ಮನಸ್ಸಿನ ಬೇಸರ ಇವನ್ನೂ ಯಾರಾದರೂ ಕೇಳುತ್ತಾರೋ ಎಂದು ನೋಡಬೇಕು. ಇಪ್ಪತ್ತು ಪ್ರಶ್ನೆ, ಒಂದೊಂದಕ್ಕೆ ಐದು ಅಂಕ. ತೊಂದರೆ ಇಲ್ಲ ಎಂದರೆ ಪೂರ್ತಿ ಅಂಕ, ಇದ್ದೂ ಯಾರೂ ನೋಡಿಲ್ಲ ಎಂದರೆ ಸೊನ್ನೆ. ಎಲ್ಲಿ ಕೊರತೆ ಹೆಚ್ಚು ಕಾಣುತ್ತದೋ ಅಲ್ಲಿ ತಿಂಗಳಿಗೊಂದು ಗುರುವಾರ ವಯಸ್ಸಾದವರಿಗೇ ಅಂತ ದೊಡ್ಡ ಡಾಕ್ಟರುಗಳು ಬಂದು ಕೂರುತ್ತಾರೆ, ಎಲ್ಲ ತಪಾಸಣೆ ಒಂದೇ ಸೂರಿನಡಿ. ಆದರೆ ಜಿಲ್ಲೆಯಲ್ಲಿ ಒಂದೇ ಊರಿಗೆ ಅದು ಸಿಗುವುದು. ನಮ್ಮ ಶಹಾಪುರದ ಕೇಂದ್ರಕ್ಕೆ ಬರುವ ಯಾದಗಿರಿ, ಶಹಾಪುರ, ಸುರಪುರ ಕಡೆಯ ನಲವತ್ತು ಜನರನ್ನು ಕೇಳಿ ಬರೆದುಕೊಳ್ಳುವ ಕೆಲಸ ನನಗೆ ಒಪ್ಪಿಸಿದ್ದಾರೆ.

ಮೂವತ್ತೆರಡು ವರ್ಷ ಪರೀಕ್ಷೆ ನಡೆಸಿದವನಿಗೆ ಇದು ಯಾವ ಲೆಕ್ಕ. ಆದರೂ ಈ ಮಂದಿಯ ಒಳಹೊರಗು ನಿಮ್ಮಷ್ಟು ಬಲ್ಲವರಿಲ್ಲ. ಏನಾದರೂ ಸಲಹೆ ಇದ್ದರೆ ಬರೆಯಿರಿ. ಆ ಅರ್ಜಿಯ ವಿಷಯ ಹಳೆಯದಾಯಿತು, ಅದನ್ನು ಎತ್ತುವುದು ಬೇಡ.

ಇಂತಿ,
ಮಹಾದೇವಪ್ಪ

*

ಸೊಲ್ಲಾಪುರ
3 ಜುಲೈ 2022

ಮಾಸ್ತರರಿಗೆ ಸಲಾಮ್.

ಏಳು ವರ್ಷದ ಹಿಂದೆ ನಿಮ್ಮ ಬಾಯಲ್ಲಿ ನಾನು "ತಂಗಿ" ಆಗಿದ್ದೆ. ಈಗ "ಅವರು" ಆಗಿದ್ದೇನೆ. ಬಡ್ತಿ ಸಿಕ್ಕಿತು ಎಂದುಕೊಳ್ಳುತ್ತೇನೆ.

ಅರ್ಜಿಯ ವಿಷಯ ಎತ್ತಬೇಡ ಎನ್ನುತ್ತ ನೀವೇ ಎತ್ತಿದ್ದೀರಿ, ಹಾಗಾಗಿ ನಾನೂ ಎತ್ತುತ್ತೇನೆ. ಆಗ ನಮ್ಮನ್ನು ನೋಡುತ್ತಿದ್ದ ಡಾಕ್ಟರು ಮೇಜಿನ ಆಚೆ ಕೂತೇ ಚೀಟಿ ಬರೆಯುತ್ತಿದ್ದರು, ಯಾರ ಮೈಯನ್ನೂ ಮುಟ್ಟಿ ನೋಡುತ್ತಿರಲಿಲ್ಲ. ಅದಕ್ಕೇ ಅರ್ಜಿ ಬರೆದೆ. ಮೊದಲ ಸಹಿ ನಿಮ್ಮದು ಬಿದ್ದಿದ್ದರೆ ಉಳಿದವರೂ ಹಾಕುತ್ತಿದ್ದರು. ನೀವು ಎಲ್ಲರ ಮುಂದೆ ಹಾಳೆ ಮಡಚಿ ನನ್ನ ಕೈಗೆ ವಾಪಸು ಇಟ್ಟಿರಿ. "ಗುಳಿಗಿ ಸಿಗಾಕತ್ತಾವ. ಇದ್ದದ್ದು ಕೆಡಸಬ್ಯಾಡ ತಂಗಿ," ಎಂದಿರಿ. ಅಂದು ರೋಗಿಗಳನ್ನು ಆಸ್ಪತ್ರೆಗೆ ಕರೆದೊಯ್ಯುವ ನಮ್ಮ ಸಂಸ್ಥೆಯ ಕೆಲಸ ಬಿಟ್ಟವಳು ಮಗಳ ಹತ್ತಿರ ಇಲ್ಲಿಗೆ ಬಂದೆ. ಚಾದರ ಕಾರ್ಖಾನೆಯಲ್ಲಿ ಅಂಚು ಹೊಲಿಯುತ್ತೇನೆ. ನನಗೂ ಅರವತ್ತಾಯಿತು. ಗುಳಿಗೆ ಇಲ್ಲೇ ಸಿಗುತ್ತದೆ.

ಸಲಹೆ ಕೇಳಿದ್ದೀರಿ. ಒಂದೇ ಇದೆ. ಗುಳಿಗೆಯ ಸಾಲಿನಲ್ಲಿ ಯಾರನ್ನೂ ಕೇಳಬೇಡಿ. ಒಬ್ಬೊಬ್ಬರ ಹತ್ತಿರ ಹೋಗಿ ಕೂರಿ, ಪೆನ್ನು ಜೇಬಿನಲ್ಲಿರಲಿ. ಪೆನ್ನು ಹಿಡಿದವರ ಮುಂದೆ ನಮ್ಮ ಮಂದಿ ಬಾಯಿ ಬಿಡುವುದಿಲ್ಲ.

ಚಮನಬೀ

*

ಶಹಾಪುರ
24 ಜುಲೈ 2022

ಚಮನಬೀ ಅವರಿಗೆ,

ನಿಮ್ಮ ಪತ್ರ ಓದಿ ಒಂದು ತಂಬಿಗೆ ನೀರು ಕುಡಿದೆ. ಖಾರ ಕಡಿಮೆಯಾಗಿಲ್ಲ, ಸಂತೋಷ.

ಕೆಲಸ ಮುಗಿಯಿತು. ಎರಡೇ ಗುರುವಾರದಲ್ಲಿ ನಲವತ್ತು ಜನ. ಸರಾಸರಿ ಎಷ್ಟು ಬಂತು ಊಹಿಸಿ: ನೂರಕ್ಕೆ ತೊಂಬತ್ತನಾಲ್ಕು! ನಾನು ಕಲಿಸಿದ ಯಾವ ಶಾಲೆಯಲ್ಲೂ ಇಷ್ಟು ಬಂದಿರಲಿಲ್ಲ.

ಒಬ್ಬೊಬ್ಬರ ಹತ್ತಿರ ಹೋಗುವ ನಿಮ್ಮ ಸಲಹೆ ಈಗ ನಡೆಯುವಂಥದ್ದಲ್ಲ. ಕಾಲುವೆಗೆ ನೀರು ಬಿಟ್ಟಿದ್ದಾರೆ, ಕಕ್ಕೇರಾ ಕಡೆ ಭತ್ತದ ನಾಟಿಗೆ ಮಂದಿ ಸಿಗುತ್ತಿಲ್ಲ. ಕೂಲಿ ಬಿಟ್ಟು ನನ್ನ ಜೊತೆ ಹರಟೆ ಹೊಡೆಯಲು ಯಾರಿಗೆ ಪುರುಸೊತ್ತು? ಗುಳಿಗೆಗೆ ಬಂದವರನ್ನೇ ಕೇಂದ್ರದ ಅಂಗಳದ ಬೇವಿನ ಮರದ ಕೆಳಗೆ ಹತ್ತು ಹತ್ತು ಜನರಂತೆ ಸಾಲಾಗಿ ಕೂರಿಸಿದೆ. ಪ್ರಶ್ನೆ ಓದಿದೆ, ಉತ್ತರ ಬರೆದುಕೊಂಡೆ. ಕಕ್ಕೇರಾದ ಮರಿಲಿಂಗಮ್ಮ ನೆನಪಿದ್ದಾಳಲ್ಲ? ಅವಳ ಚುರುಕು ನೋಡಿ.

"ಎಲುಬಿನಾಗ ಏನರ ನೋವು ಅದ ಏನವ್ವಾ?"

"ಆರಾಮ ಅದೀನ್ರಿ ಮಾಸ್ತರ."

"ನಡಿಯಾಕ ತ್ರಾಸು?"

"ಆರಾಮ ಅದೀನ್ರಿ."

"ನಿದ್ದಿ ಬರ್ತದ?"

"ಎಲ್ಲಾ ಆರಾಮ್ರಿ. ಜಲ್ದಿ ಬರ್ಕೋರಿ, ನಮ್ಮ ಬಸ್ ಹೋಗ್ತದ."

ಸುರಪುರದ ಟೇಲರ್ ಇಸ್ಮಾಯಿಲಸಾಬ, ಕಡೇಚೂರಿನ ಕಾರ್ಖಾನೆಯಲ್ಲಿ ಕಾವಲಿಗಿರುವ ತಾಯಪ್ಪ, ಎಲ್ಲರದೂ ಇದೇ ಮಾತು. ನನ್ನ ಹೆಸರೂ ಪಟ್ಟಿಯಲ್ಲಿದೆ. ನನಗೆ ನಾನೇ ನೂರಕ್ಕೆ ನೂರು ಕೊಟ್ಟುಕೊಂಡೆ, ಅಷ್ಟು ಅಧಿಕಾರ ಬೇಡವೇ? ಬರುವ ವಾರ ಯಾದಗಿರಿಗೆ ಹೋಗಿ ಸಂಸ್ಥೆಯ ಅಧಿಕಾರಿ ಬಸವಂತ್ರಾಯರ ಕೈಗೆ ಹಾಳೆಗಳನ್ನು ಕೊಟ್ಟು ಬರುತ್ತೇನೆ.

ಇಂತಿ,
ಮಹಾದೇವಪ್ಪ

*

ಸೊಲ್ಲಾಪುರ
9 ಆಗಸ್ಟ್ 2022

ಮಾಸ್ತರರಿಗೆ,

ಆ ತೊಂಬತ್ತನಾಲ್ಕು ಅಂಕ ನನಗೆ ಸೇರಬೇಕಾದವು. ಯಾಕೆಂದು ಹೇಳುತ್ತೇನೆ, ಸಿಟ್ಟಾಗದೆ ಪೂರ್ತಿ ಓದಿ.

2008ರ ಮಾತು. ಆಗ ನಮ್ಮ ಕಡೆ ಗುಳಿಗೆ ಸಿಗುತ್ತಿರಲಿಲ್ಲ. ಯಾದಗಿರಿ ಸ್ಟೇಷನ್ನಿನಿಂದ ಬೆಳಗಿನ ಗಾಡಿ ಹತ್ತಿ ದೂರದ ದೊಡ್ಡ ಆಸ್ಪತ್ರೆಗೆ ಗುಂಪಾಗಿ ಹೋಗುತ್ತಿದ್ದೆವು. ನಿಮಗೆ ಶಾಲೆಯಿಂದ ರಜೆ ಸಿಗದೆ ಬೇರೆ ದಿನ ಒಬ್ಬರೇ ಹೋಗಿಬರುತ್ತಿದ್ದಿರಿ. ಹಾಗಾಗಿ ನಿಮಗಿದು ಗೊತ್ತಿಲ್ಲ. ಒಂದು ಸಲ ಡಾಕ್ಟರು ಏನಾದರೂ ತೊಂದರೆ ಇದೆಯಾ ಎಂದು ಕೇಳಿದಾಗ ಮರಿಲಿಂಗಮ್ಮ ಪಾಪ, ಕಾಲು ಉರಿಯುತ್ತವೆ ಎಂದಳು. ಅವಳ ಕೈಗೆ ಫೈಲು ಕೊಟ್ಟು ಬೇರೆ ವಾರ್ಡಿಗೆ ಕಳಿಸಿದರು. ಅಲ್ಲಿಯ ಆಳೊಬ್ಬ ಫೈಲು ನೋಡಿ ಅವಳ ಹೆಸರನ್ನೂ ಅವಳ ರೋಗವನ್ನೂ ಸಾಲಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿದ. ಆ ಸಾಲಿನಲ್ಲಿ ಕಕ್ಕೇರಾದ ಒಬ್ಬ ಹೆಂಗಸು ನಿಂತಿದ್ದಳು. ನಾವು ಊರಿಗೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಎಂಟು ತಿಂಗಳು ಮರಿಲಿಂಗಮ್ಮನನ್ನು ಯಾರೂ ಕೂಲಿಗೆ ಕರೆಯಲಿಲ್ಲ. ಅವಳ ಮಗಳ ನೆಂಟಸ್ತಿಕೆ ಮುರಿಯಿತು.

ಮುಂದಿನ ತಿಂಗಳು ಪ್ಲಾಟ್‌ಫಾರ್ಮಿನ ಮೇಲೆ ಎಲ್ಲರನ್ನೂ ಕೂರಿಸಿಕೊಂಡು ನಾನು ಪಾಠ ಮಾಡಿದೆ. "ಯಾರ್ ಏನ್ ಕೇಳಿದ್ರೂ ಆರಾಮ ಅದೀನ್ರಿ ಅನ್ನಬೇಕು. ನೋವು ಅಂದ್ರ ಬ್ಯಾರೆ ಕಡಿ ಕಳಸ್ತಾರ, ಬ್ಯಾರೆ ಕಡಿ ಹೋದ್ರ ಊರಿಗೆಲ್ಲ ಗೊತ್ತಾಗ್ತದ. ಗುಳಿಗಿ ಇಸ್ಕೋರಿ, ಗಾಡಿ ಹತ್ರಿ." ಒಬ್ಬೊಬ್ಬರನ್ನೂ ಕೇಳಿ ಹೇಳಿಸಿದೆ. ತಡವರಿಸಿದವರಿಂದ ಎರಡು ಸಲ ಹೇಳಿಸಿದೆ. ಹೊಸದಾಗಿ ಬಂದವರಿಗೆ ಹಳಬರು ಕಲಿಸಿದರು.

ಆಗ ಅದರಿಂದ ಎಷ್ಟೋ ಮನೆಗಳು ಉಳಿದವು, ಅದಕ್ಕಾಗಿ ನಾನು ನಾಚಿಕೊಳ್ಳುವುದಿಲ್ಲ. ಆದರೆ ಕಾಲ ಬದಲಾದ ಮೇಲೂ ಮಂದಿ ಅದನ್ನು ಬಿಡಲಿಲ್ಲ. ನಾನೇ ಬಿಡಿಸಬೇಕೆಂದು 2015ರಲ್ಲಿ ಅರ್ಜಿ ಹಿಡಿದು ನಿಂತೆ. ಮುಂದಿನದು ನಿಮಗೆ ಗೊತ್ತು.

ಹದಿನಾಲ್ಕು ವರ್ಷದ ಹಿಂದೆ ನಾನು ಕಲಿಸಿದ ಪಾಠವನ್ನು ನೀವು ಬೇವಿನ ಮರದ ಕೆಳಗೆ ಒಪ್ಪಿಸಿಕೊಂಡು ಅಂಕ ಕೊಟ್ಟಿದ್ದೀರಿ, ಮಾಸ್ತರ. ಹಾಳೆಗಳನ್ನು ಕೊಟ್ಟಿರದಿದ್ದರೆ ಕೊಡಬೇಡಿ.

ಚಮನಬೀ

*

ಶಹಾಪುರ
16 ಆಗಸ್ಟ್ 2022

ಚಮನಬೀ ಅವರಿಗೆ,

ಹಾಳೆಗಳನ್ನು ಕೊಟ್ಟು ಹದಿನೈದು ದಿನದ ಮೇಲಾಯಿತು. ಬಸವಂತ್ರಾಯರು ಬೆನ್ನು ತಟ್ಟಿ ಚಹಾ ಕುಡಿಸಿ ಕಳಿಸಿದರು.

ನಲವತ್ತು ಜನ ನನ್ನ ಮುಖ ನೋಡಿಕೊಂಡು ಸುಳ್ಳು ಹೇಳಿದರು ಎನ್ನುತ್ತೀರಲ್ಲ, ಏನು ಮಾತಿದು? ಅವರ ಮಕ್ಕಳಿಗೆ ಅಕ್ಷರ ಕಲಿಸಿದವನು ನಾನು. ಅವರ ಪಿಂಚಣಿಯ, ರೇಷನ್ ಕಾರ್ಡಿನ ಕಾಗದ ಬರೆದುಕೊಟ್ಟವನು ನಾನು. ಸೊಲ್ಲಾಪುರದಲ್ಲಿ ಕೂತವರಿಗೆ ಶಹಾಪುರದ ಬೇವಿನ ಮರದ ಕೆಳಗಿನದು ಹೇಗೆ ಕಾಣಿಸಿತು? ಅರ್ಜಿಯ ಸಿಟ್ಟು ನಿಮಗೆ ಇನ್ನೂ ಇಳಿದಿಲ್ಲ, ಅಷ್ಟೇ. ಸಲಹೆ ಕೇಳಿದ್ದು ನನ್ನದೇ ತಪ್ಪು. ಇನ್ನು ಬರೆಯುವುದಿಲ್ಲ.

ಮಹಾದೇವಪ್ಪ

*

ಶಹಾಪುರ
20 ಸೆಪ್ಟೆಂಬರ್ 2022

ತಂಗಿ ಚಮನಬೀ,

ಬರೆಯುವುದಿಲ್ಲ ಎಂದವನೇ ಬರೆಯುತ್ತಿದ್ದೇನೆ.

ಹೋದ ಸೋಮವಾರ ಮರಿಲಿಂಗಮ್ಮ ಬಟ್ಟೆ ಒಗೆಯಲು ಹೋಗಿ ಕಾಲುವೆಯ ಮೆಟ್ಟಿಲಿನ ಮೇಲೆ ಬಿದ್ದಳು. ಎರಡೇ ಮೆಟ್ಟಿಲು ಜಾರಿದ್ದು. ಸೊಂಟದ ಎಲುಬು ಮುರಿದಿದೆ. ಯಾದಗಿರಿಯಲ್ಲಿ ಆಪರೇಷನ್ ಆಯಿತು. ಪುಣ್ಯಕ್ಕೆ ಆ ಎಲುಬಿನ ಡಾಕ್ಟರು ಫೈಲು ನೋಡಿ ಹಿಂದೆ ಸರಿಯಲಿಲ್ಲ. ನಾನು ನೋಡಲು ಹೋದಾಗ ಎಕ್ಸರೇ ತೋರಿಸಿ, ಈ ಎಲುಬು ಸವೆದು ಬಹಳ ದಿನವಾಗಿದೆ, ವಯಸ್ಸಿಗೆ ಗುಳಿಗೆಯೂ ಸೇರಿಕೊಂಡಿದೆ, ಇವರಿಗೆ ಎರಡು ವರ್ಷದಿಂದ ನೋವು ಇರಲೇಬೇಕು, ಯಾರೂ ಕೇಳಲಿಲ್ಲವೇ ಎಂದರು.

ಕೇಳಿದವನು ನಾನು. "ನೋವು: ಇಲ್ಲ" ಎಂದು ದುಂಡಗೆ ಬರೆದಿದ್ದೆ.

ಅವಳ ಹಾಸಿಗೆಯ ಪಕ್ಕ ಕೂತು ಯಾಕೆ ಹೇಳಲಿಲ್ಲವ್ವಾ ಎಂದೆ. ಅವಳು ನನ್ನನ್ನೇ ಸಮಾಧಾನ ಮಾಡುವವಳಂತೆ ಹೇಳಿದಳು. "ನಿಮಗ ಹ್ಯಾಂಗ ಹೇಳ್ಲಿರಿ ಮಾಸ್ತರ? ನೀವು ಮೊದಲ 'ಇಲ್ಲ' ಅಂತ ಬರಕೊಂಡು ಆಮ್ಯಾಲ ನನ್ನ ಮಾರಿ ನೋಡಿದ್ರಿ. ಬರದದ್ದು ಹೊಡದು ಹಾಕೋದು ಛಲೋ ಅಲ್ಲಂತ ಸುಮ್ಮನಾದೆ." ಮನೆಗೆ ಬಂದು ನಕಲು ಹಾಳೆ ತೆಗೆದು ನೋಡಿದೆ. ಹೌದು. ಮೊದಲ ಹತ್ತು ಜನರ ಉತ್ತರ ಒಂದೇ ಬಂದದ್ದಕ್ಕೆ, ಉಳಿದವರಿಗೆ ಸಮಯ ಉಳಿಯಲೆಂದು ನಾನು ಮೊದಲೇ ತುಂಬಿಟ್ಟು ಆಮೇಲೆ ಪ್ರಶ್ನೆ ಓದಿದ್ದೆ. ತಪಾಸಣೆಗೆ ಬರುವ ಇನ್ಸ್‌ಪೆಕ್ಟರಿಗಾಗಿ ಹಾಜರಿ ಪುಸ್ತಕ ಮೊದಲೇ ತುಂಬುತ್ತಿದ್ದೆವಲ್ಲ, ಆ ಚಾಳಿ.

ನನ್ನದೂ ಕೇಳು. ನಾಲ್ಕು ವರ್ಷದಿಂದ ನನ್ನ ಎರಡೂ ಪಾದ ಜೋಮು ಹಿಡಿದ ಹಾಗಿವೆ. ಚಪ್ಪಲಿ ಜಾರಿ ಹೋದರೂ ತಿಳಿಯುವುದಿಲ್ಲ. ಇದನ್ನು ಮಗಳಿಗೂ ಹೇಳಿಲ್ಲ, ಡಾಕ್ಟರಿಗೂ ಹೇಳಿಲ್ಲ. ಆದರೂ ನೂರಕ್ಕೆ ನೂರು ಹಾಕಿಕೊಂಡೆ.

ಬಸವಂತ್ರಾಯರ ಕಚೇರಿಯಿಂದ ಕಾಗದ ಬಂದಿದೆ. ಶಹಾಪುರದಲ್ಲಿ ವಯಸ್ಸಾದವರ ಆರೈಕೆ ತುಂಬ ಚೆನ್ನಾಗಿರುವುದರಿಂದ ಇಲ್ಲಿಗೆ ಆ ಗುರುವಾರದ ಡಾಕ್ಟರುಗಳ ಅಗತ್ಯವಿಲ್ಲ, ಬೇರೆ ಊರಿಗೆ ಕೊಡುತ್ತಾರಂತೆ. ಆಕ್ಷೇಪಣೆ ಇದ್ದರೆ ಅಕ್ಟೋಬರ್ ಹದಿನೇಳರ ಒಳಗೆ ಹೇಳಬೇಕು. ನಲವತ್ತು ಜನರ ಪಾಲಿನದನ್ನು ನನ್ನ ಕೈಯಾರೆ ಕಳೆದಿದ್ದೇನೆ ತಂಗಿ. ಮತ್ತೆ ಕೇಳಬೇಕು. ಹೇಗೆ ಕೇಳಬೇಕು, ಹೇಳಿಕೊಡು.

ನಿನ್ನ ಅಣ್ಣ,
ಮಹಾದೇವಪ್ಪ

*

ಸೊಲ್ಲಾಪುರ
26 ಸೆಪ್ಟೆಂಬರ್ 2022

ಅಣ್ಣ ಮಾಸ್ತರರಿಗೆ,

ನಿಮ್ಮ ಪತ್ರ ಕಾರ್ಖಾನೆಗೆ ಒಯ್ದು ಊಟದ ಹೊತ್ತಿನಲ್ಲಿ ಓದಿದೆ. ಮರಿಲಿಂಗಮ್ಮನ ಸುದ್ದಿಗೆ ಅತ್ತೆ. ಪಕ್ಕದ ಹೆಂಗಸರು ಯಾರು ಸತ್ತರು ಎಂದು ಕೇಳಿದರು. ಯಾರೂ ಸತ್ತಿಲ್ಲ, ಹದಿನಾರು ವರ್ಷದಿಂದ ಯಾರನ್ನೂ ಸಾಯಲು ಬಿಟ್ಟಿಲ್ಲ ಎಂದೆ. ಅವರಿಗೆ ತಿಳಿಯಲಿಲ್ಲ.

ಸಮಯ ಕಡಿಮೆ ಇದೆ, ಅದಕ್ಕೇ ನೇರ ಹೇಳುತ್ತೇನೆ. ಯಾರ ಮನೆಗೂ ಸುಮ್ಮನೆ ನುಗ್ಗಬೇಡಿ. ಎಷ್ಟೋ ಮನೆಗಳಲ್ಲಿ ಸೊಸೆಯಂದಿರಿಗೆ ಗೊತ್ತಿಲ್ಲ. ಕೆಲಸದ ಜಾಗ, ಚಹಾದ ಅಂಗಡಿ, ತಿಂಥಣಿಯ ಹೊಳೆದಂಡೆ, ಎಲ್ಲಿ ಅವರು ಒಬ್ಬರೇ ಸಿಗುತ್ತಾರೋ ಅಲ್ಲಿ ಹೋಗಿ. ಹಾಳೆ ಒಯ್ಯಬೇಡಿ, ಮನೆಗೆ ಬಂದು ಬರೆದುಕೊಳ್ಳಿ. ಎಲ್ಲಕ್ಕಿಂತ ಮುಖ್ಯ, ಪ್ರಶ್ನೆ ಕೇಳುವ ಮೊದಲು ನಿಮ್ಮ ಪಾದದ ಮಾತು ಹೇಳಿ. ಮಾಸ್ತರನಿಗೇ ನೋವಿದೆ ಎಂದು ಕೇಳಿದ ಮೇಲೆ ಅವರಿಗೆ ಬಾಯಿ ಬರುತ್ತದೆ.

ಇನ್ನೊಂದು. ಅದಕ್ಕೂ ಮೊದಲು ನೀವೇ ಡಾಕ್ಟರ ಹತ್ತಿರ ಹೋಗಿ. ಪಾದ ಜೋಮು ಹಿಡಿಯುವುದು ಸಕ್ಕರೆಯಿಂದಲೂ ಇರಬಹುದು, ಆಗಿನ ಹಳೇ ಗುಳಿಗೆಗಳು ಬಿಟ್ಟುಹೋದದ್ದೂ ಇರಬಹುದು. ನೀವು ಹೋಗದೆ ಬೇರೆಯವರಿಗೆ ಹೋಗಿ ಅನ್ನಬೇಡಿ.

ನಾನು ಬರಲಾರೆ. ಇಲ್ಲಿ ಕೆಲಸ ಇದೆ.

ಚಮನಬೀ

*

ಶಹಾಪುರ
18 ಅಕ್ಟೋಬರ್ 2022

ತಂಗಿ ಚಮನಬೀ,

ಮೊದಲು ನನ್ನ ಪಾದ. ಸಕ್ಕರೆ ಇನ್ನೂರ ಎಂಬತ್ತು ಬಂತು. ಮಗಳು ಮೂರು ದಿನ ಮಾತು ಬಿಟ್ಟಳು, ನಾಲ್ಕನೆಯ ದಿನದಿಂದ ಚಹಾಕ್ಕೆ ಬೆಲ್ಲ ಹಾಕುವುದನ್ನೂ ಬಿಟ್ಟಳು. ಗುಳಿಗೆ ಶುರುವಾಗಿದೆ.

ಹದಿನೇಳು ದಿನದಲ್ಲಿ ಮೂವತ್ತೊಂಬತ್ತು ಜನರನ್ನು ನೋಡಿದೆ. ಬಸ್ಸಿನಲ್ಲೇ ಬದುಕಿದೆ ಅನ್ನು. ಸುರಪುರದಲ್ಲಿ ಇಸ್ಮಾಯಿಲಸಾಬನ ಅಂಗಡಿಯ ಕಟ್ಟೆಯ ಮೇಲೆ ಕೂತು ನನ್ನ ಪಾದದ ಕಥೆ ಹೇಳಿದೆ. ಅವನು ಕತ್ತರಿ ಕೆಳಗಿಟ್ಟು ಹತ್ತಿರ ಸರಿದ. "ಖರೇ ಹೇಳ್ಲೇನ್ರಿ ಮಾಸ್ತರ? ಸೂಜಿಯಾಗ ದಾರ ಪೋಣಿಸಿ ನಾ ಒಂದ್ ವರ್ಷ ಆಯ್ತು. ಮೊಮ್ಮಗಳು ಸಾಲಿಗಿ ಹೋಗೋ ಮುಂಚೆ ಹತ್ತು ಸೂಜಿಗಿ ಹಾಕಿಟ್ಟು ಹೋಗ್ತಾಳ. ಅವು ಮುಗುದ್ರ ಅಂಗಡಿ ಬಂದ್." ಕಣ್ಣಿನ ಆಪರೇಷನ್ನಿಗೆಂದು ಎರಡು ಕಡೆ ಹೋಗಿದ್ದಾನೆ. ಫೈಲು ನೋಡಿದ ಮೇಲೆ ಮುಂದಿನ ತಿಂಗಳು ಬಾ ಎಂದರಂತೆ. ಹದಿಮೂರು ತಿಂಗಳಾಯಿತು.

ಕಡೇಚೂರಿನಲ್ಲಿ ತಾಯಪ್ಪನನ್ನು ಕಾರ್ಖಾನೆಯ ಗೇಟಿನ ಎದುರಿನ ಚಹಾದಂಗಡಿಗೆ ಕರೆದೆ. ಹುಡುಗನಾಗಿದ್ದಾಗ ಕಾಲುವೆ ತೋಡಿದ ಗಟ್ಟಿ ಆಳು. ಅವನಿಗೆ ಗುಳಿಗೆ ನುಂಗಿದ್ದು ನೆನಪೇ ಉಳಿಯುವುದಿಲ್ಲ. "ಒಮ್ಮೊಮ್ಮಿ ಎರಡು ಸಲ ನುಂಗತೀನ್ರಿ. ಒಮ್ಮೊಮ್ಮಿ ಎರಡ್ ದಿನ ಇಲ್ಲೇ ಇಲ್ಲ. ಹೇಳಿದ್ರ ತಲಿ ಕೆಟ್ಟದ ಅಂತ ಕೆಲಸದಿಂದ ತಗೀತಾರ," ಎಂದು ಆ ಕಡೆ ಮುಖ ತಿರುಗಿಸಿ ಹೇಳಿದ. ಅವನ ಕೈ ಹಿಡಿದುಕೊಂಡು ಬಹಳ ಹೊತ್ತು ಕೂತೆ. ಇವನಿಗೂ ತೊಂಬತ್ತೈದು ಕೊಟ್ಟಿದ್ದೆನಲ್ಲ ಎಂದು ನನ್ನ ಮೇಲೇ ಹೇಸಿಕೆ ಬಂತು.

ಹೊಸ ಸರಾಸರಿ ನಲವತ್ತೇಳು. ನಿನ್ನೆ ಅದನ್ನು ಹಿಡಿದುಕೊಂಡು ಬಸವಂತ್ರಾಯರ ಮುಂದೆ ನಿಂತೆ. ಒಳ್ಳೆಯ ಮನುಷ್ಯ, ಆದರೆ ಕಾಗದದ ಮನುಷ್ಯ. ಎರಡೂ ಕಟ್ಟುಗಳನ್ನು ಅಕ್ಕಪಕ್ಕ ಇಟ್ಟರು.

"ಮಾಸ್ತರ, ಎರಡ್ ತಿಂಗಳಾಗ ನಲವತ್ತು ಮಂದಿ ಒಮ್ಮೆಲೆ ಜಡ್ಡಾದ್ರೇನು?"

"ಇಲ್ರಿ ಸಾಹೇಬ್ರ. ಅವರು ಮೊದಲಿಂದ ಹಂಗೇ ಇದ್ರು. ಫೇಲಾದಾಂವ ನಾ."

"ಎರಡೂ ನಿಮ್ಮ ಕೈಬರಹ. ಯಾವುದು ಖರೇ ಅಂತ ತಿಳಕೋಬೇಕು ನಾ? ಮ್ಯಾಲಿನವರು ಕೇಳಿದ್ರ ಏನ್ ತೋರಸಲಿ?"

ನನಗೂ ರೇಗಿತು. "ಎಲ್ಲಾರ ರಕ್ತದ ರಿಪೋರ್ಟ್ ನೋಡ್ರಿ," ಎಂದೆ. "ವೈರಸ್ ಅಡಗಿಸೋ ಪರೀಕ್ಷಾದಾಗ ನಮ್ಮ ಕೇಂದ್ರ ನೂರಕ್ಕ ನೂರು, ಅದನ್ನ ನಾ ತಲಿ ಮ್ಯಾಲ ಹೊತ್ತುಕೊಂಡು ಹೇಳ್ತೀನಿ. ಮನುಷ್ಯಾನ ಪರೀಕ್ಷಾದಾಗ ನಲವತ್ತೇಳು. ಎರಡೂ ಖರೇ ಅವ." ಅವರು, ಮೊದಲಿನ ಉತ್ತರಗಳು ಯಾಕೆ ಸುಳ್ಳಾದವು ಎಂಬುದಕ್ಕೆ ನನ್ನ ಮಾತು ಸಾಲದು, ಬೇರೆ ಯಾರಾದರೂ ಬಲ್ಲವರು ಬರೆದು ಸಹಿ ಹಾಕಿಕೊಟ್ಟರೆ ಮೇಲಿನವರಿಗೆ ಕಳಿಸುತ್ತೇನೆ ಎಂದರು. ನವೆಂಬರ್ ಐದರ ತನಕ ತಡೆಹಿಡಿದಿದ್ದಾರೆ.

ಬಲ್ಲವಳು ನೀನೊಬ್ಬಳೇ. ಮಂದಿಗೆ ಹಾಗೆ ಹೇಳಲು ಕಲಿಸಿದವಳು ನಾನು ಎಂದು ನೀನು ಬರೆಯಬೇಕಾಗುತ್ತದೆ. ಅಂದು ನಿನ್ನ ಹಾಳೆಯ ಮೇಲೆ ನಾನು ಸಹಿ ಹಾಕಲಿಲ್ಲ. ಹೆದರಿದ್ದೆ. ಗುಳಿಗೆ ನಿಂತರೆ ಎಂಬ ಹೆದರಿಕೆಗೆ ಬುದ್ಧಿಮಾತಿನ ವೇಷ ಹಾಕಿ ಎಲ್ಲರ ಮುಂದೆ ನಿನ್ನನ್ನು ಸಣ್ಣವಳನ್ನಾಗಿ ಮಾಡಿದೆ. ತಪ್ಪಾಯಿತು ತಂಗಿ. ಇಷ್ಟಾದ ಮೇಲೂ ನಿನ್ನ ಸಹಿ ಕೇಳುತ್ತಿದ್ದೇನೆ. ನಾಚಿಕೆ ಬಿಟ್ಟೇ ಕೇಳುತ್ತಿದ್ದೇನೆ.

ನಿನ್ನ ಅಣ್ಣ,
ಮಹಾದೇವಪ್ಪ

*

ಸೊಲ್ಲಾಪುರ
31 ಅಕ್ಟೋಬರ್ 2022

ಅಣ್ಣನವರಿಗೆ,

ತಡವಾಯಿತು. ಕಾರ್ಯಕರ್ತೆಯರಲ್ಲಿ ನಾನೇ ಒಳ್ಳೆಯವಳೆಂದು ನಮ್ಮ ಹಳೆಯ ಸಂಸ್ಥೆಯವರು ಹಿಂದೆ ಶಾಲು ಹೊದಿಸಿ ಕೊಟ್ಟ ಫಲಕ ಇಲ್ಲಿ ಗೋಡೆಯ ಮೇಲಿದೆ. ಮೊಮ್ಮಕ್ಕಳು ಬಂದವರಿಗೆಲ್ಲ ಅದನ್ನೇ ತೋರಿಸುತ್ತಾರೆ. ಅದರ ಕೆಳಗೆ ಕೂತು ಇದನ್ನು ಬರೆಯುವುದು ಸುಲಭವಾಗಲಿಲ್ಲ. ನಾಲ್ಕು ಹಾಳೆ ಹರಿದೆ. ಐದನೆಯದು ಜೊತೆಗಿದೆ:

"ನಾನು ಚಮನಬೀ, ವಯಸ್ಸು ಅರವತ್ತು. ಏನೇ ನೋವಿದ್ದರೂ ಆರಾಮ ಎಂದೇ ಹೇಳಬೇಕೆಂದು ಈ ಜನರಿಗೆ 2008ರಲ್ಲಿ ಕಲಿಸಿದವಳು ನಾನು. ನೋವು ಹೇಳಿಕೊಂಡವಳಿಗೆ ಆಸ್ಪತ್ರೆಯಲ್ಲಿ ಅವಮಾನವಾದದ್ದನ್ನು ಕಣ್ಣಾರೆ ಕಂಡು ಹಾಗೆ ಕಲಿಸಿದೆ. ಮೊದಲ ಹಾಳೆಗಳಲ್ಲಿರುವುದು ನನ್ನ ಪಾಠ, ಎರಡನೆಯವುಗಳಲ್ಲಿರುವುದು ಅವರ ಮಾತು. ಎರಡನೆಯವನ್ನೇ ನಂಬಬೇಕು."

ಸಹಿ ಎರಡು ಕಡೆ ಹಾಕಿದ್ದೇನೆ, ಒಂದು ಅಳಿಸಿದರೆ ಇನ್ನೊಂದು ಇರಲಿ. ತಪ್ಪಾಯಿತು ಎಂದು ಬರೆದಿದ್ದೀರಿ. ಆ ಸಾಲನ್ನು ಮೂರು ಸಲ ಓದಿದೆ. ಸಾಕು, ಇನ್ನು ಅದನ್ನು ಎತ್ತುವುದು ಬೇಡ.

ಚಮನಬೀ

*

ಶಹಾಪುರ
9 ಡಿಸೆಂಬರ್ 2022

ತಂಗಿ ಚಮನಬೀ,

ಬಂತು! ಶಹಾಪುರಕ್ಕೇ ಬಂತು. ನಿನ್ನ ಹೇಳಿಕೆಯನ್ನು ಬಸವಂತ್ರಾಯರು ಮೇಲಿನವರ ಸಭೆಯಲ್ಲಿ ನಿಂತು ಓದಿದರಂತೆ. ಜನವರಿ ಐದನೇ ತಾರೀಖು ಮೊದಲ ಗುರುವಾರ. ಕಣ್ಣಿನವರು, ಎಲುಬಿನವರು, ಸಕ್ಕರೆ-ಬಿಪಿಯವರು, ಮನಸ್ಸಿನವರು, ಒಬ್ಬ ಲೇಡಿ ಡಾಕ್ಟರು. ಇಸ್ಮಾಯಿಲಸಾಬನ ಕಣ್ಣಿಗೆ ತಾರೀಖು ಕೊಟ್ಟಾಗಿದೆ. ಮರಿಲಿಂಗಮ್ಮ ವಾಕರ್ ಹಿಡಿದು ಅಂಗಳದ ತನಕ ನಡೆಯುತ್ತಾಳೆ, ದಾರಿಗಡ್ಡ ಬಂದ ಕೋಳಿಗಳನ್ನು ಬೈಯುತ್ತಾಳೆ.

ಒಂದೇ ತೊಡಕು. ಪಟ್ಟಿಯಲ್ಲಿ ಹದಿನೇಳು ಹೆಂಗಸರಿದ್ದಾರೆ. ಲೇಡಿ ಡಾಕ್ಟರು ಗರ್ಭಕೋಶದ ಬಾಯಿಯ ಕ್ಯಾನ್ಸರ್ ಪರೀಕ್ಷೆ ಮಾಡುತ್ತಾರೆ ಎಂದು ಕೇಳಿದ್ದೇ ತಡ, ಎಲ್ಲರೂ ಸೆರಗು ಬಾಯಿಗಿಟ್ಟು ಎದ್ದು ಹೋದರು. ಇದರಲ್ಲಿ ನನ್ನ ಪಾದದ ಕಥೆ ನಡೆಯುವುದಿಲ್ಲ. "ಚಮನಬೀ ಬಂದು ಹೇಳಿದ್ರ ನೋಡೂಣು," ಎನ್ನುತ್ತಾರೆ. ಅವತ್ತು ನೀನು ಬಾ. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸುತ್ತೇನೆ, ಅತಿಥಿಯಾಗಿ ನಾಲ್ಕು ಮಾತಾಡು.

ನಿನ್ನ ಅಣ್ಣ,
ಮಹಾದೇವಪ್ಪ

*

ಸೊಲ್ಲಾಪುರ
22 ಡಿಸೆಂಬರ್ 2022

ಅಣ್ಣಾ,

ಕುರ್ಚಿ ಬೇಡ. ಪಟ್ಟಿಯಲ್ಲಿ ನಲವತ್ತೊಂದನೆಯ ಹೆಸರು ನನ್ನದು ಬರೆಯಿರಿ.

ಗಂಡಸಿಗೆ ಬರೆಯುವ ಮಾತಲ್ಲ ಇದು, ಆದರೆ ನೀವು ನನ್ನ ಅಣ್ಣ, ಬರೆಯುತ್ತೇನೆ. ನನಗೆ ಮುಟ್ಟು ನಿಂತು ಒಂಬತ್ತು ವರ್ಷವಾಯಿತು. ಕಳೆದ ಮಾರ್ಚಿನಿಂದ ಮತ್ತೆ ರಕ್ತ ಕಾಣಿಸುತ್ತಿದೆ. ಅದು ಏನಿರಬಹುದು ಎಂದು ನನಗೆ ಚೆನ್ನಾಗಿ ಗೊತ್ತು. ಹಾಗೆ ಕಂಡರೆ ಒಂದು ದಿನವೂ ತಡೆಯಬೇಡಿ ಎಂದು ನೂರಾರು ಹೆಂಗಸರಿಗೆ ನಾನೇ ಹೇಳಿದ್ದೇನೆ. ಇಲ್ಲಿ ಗುಳಿಗೆ ಕೊಡುವ ಹುಡುಗಿ ಪ್ರತಿ ತಿಂಗಳು ನನ್ನ ಮುಖ ನೋಡಿ ಹೇಗಿದ್ದೀರಿ ಎಂದು ಕೇಳುತ್ತಾಳೆ. ಒಂಬತ್ತು ತಿಂಗಳು ನಾನೇನು ಉತ್ತರ ಕೊಟ್ಟೆ ಎಂಬುದನ್ನು ನಿಮಗೆ ಬೇರೆ ಹೇಳಬೇಕಾಗಿಲ್ಲ. ಸೆಪ್ಟೆಂಬರಿನಲ್ಲಿ ನಾನು ಬರಲಾರೆ ಎಂದದ್ದು ಕೆಲಸಕ್ಕಾಗಿ ಅಲ್ಲ. ಅಲ್ಲಿಗೆ ಬಂದರೆ ಮರಿಲಿಂಗಮ್ಮ ನನ್ನನ್ನು ಕೇಳುತ್ತಾಳೆ, ಅವಳಿಗೆ ಸುಳ್ಳು ಹೇಳಲಾರೆ ಎಂದು.

ನಿನ್ನೆ ಮಗಳಿಗೆ ಹೇಳಿದೆ. ಅತ್ತಳು, ಬೈದಳು, ಈಗ ಆಸ್ಪತ್ರೆಗೆಂದು ಚೀಲ ತುಂಬುತ್ತಿದ್ದಾಳೆ. ಐದನೇ ತಾರೀಖಿನ ತನಕ ಕಾಯುವುದು ಬೇಡವೆಂದು ನಾಳೆ ಇಲ್ಲೇ ತೋರಿಸುತ್ತೇವೆ. ಏನೇ ಬಂದರೂ ಆ ರಿಪೋರ್ಟು ಹಿಡಿದು ಜನವರಿ ನಾಲ್ಕರ ಬುಧವಾರ ಸಂಜೆಯ ಬಸ್ಸಿಗೆ ಶಹಾಪುರಕ್ಕೆ ಬರುತ್ತೇನೆ. ಹೆದರಿಕೆ ಇದೆ ಅಣ್ಣಾ. ಆದರೆ ಅರವತ್ತಕ್ಕೆ ಬರುತ್ತೇನೆಂದು ಯಾರು ಅಂದುಕೊಂಡಿದ್ದರು? ಇಲ್ಲಿಯ ತನಕ ಬಂದವಳಿಗೆ ಮುಂದಿನದಕ್ಕೂ ಗುಂಡಿಗೆ ಇದೆ.

ಗುರುವಾರ ಲೇಡಿ ಡಾಕ್ಟರ ಕೋಣೆಗೆ ಮೊದಲು ನಾನು ಹೋಗುತ್ತೇನೆ. ಆ ಹದಿನೇಳು ಹೆಂಗಸರನ್ನು ಬಾಗಿಲ ಹೊರಗೆ ಕೂರಿಸಿಡಿ. ಒಳಗೆ ನಾನು ಏನು ಹೇಳಿದೆ ಎಂದು ಹೊರಗೆ ಬಂದು ಅವರಿಗೆಲ್ಲ ಕೇಳುವ ಹಾಗೆ ಹೇಳುತ್ತೇನೆ.

ನಿಮ್ಮ ತಂಗಿ,
ಚಮನಬೀ